ಡೆಬಿಯನ್ 12: ಹೊಸ ಕರ್ನಲ್ ಬಂದ ಮೇಲೆ 40 ಜಿಬಿ ಬ್ಯಾಕಪ್ ಫೈಲ್ 1 ಎಂಬಿಗೆ ಇಳಿದಿದೆ. ಹಳೆಯ ಕರ್ನಲ್‌ಗೆ ಮರಳುವುದು ಹೇಗೆ?

ಮುದ್ರಣಾಲಯ | 10 ಡಿಸೆಂಬರ್ 2023, ಭಾನುವಾರ, ಮಧ್ಯಾಹ್ನ 12:50

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಪುಟವಿನ್ಯಾಸಗಾರ. ಒಂದು ಸಣ್ಣ ಮುದ್ರಣಾಲಯದ ಏಕೈಕ ಸರ್ವರ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಬೇರೆ ಯಾರೂ ಇಲ್ಲ ಎಂಬುದೊಂದೇ ಅದಕ್ಕೆ ಕಾರಣ. ಸರ್ವರ್‌ನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಇದೆ (ಕರ್ನಲ್ ಎಂದರೆ ಅದರ ತಿರುಳು), ಎಲ್ಲ ಡಿಸ್ಕ್‌ಗಳೂ ಇಎಕ್ಸ್‌ಟಿ4 ಫೈಲ್‌ಸಿಸ್ಟಂನವು (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ).

ಪ್ರತಿ ಭಾನುವಾರ ಮಧ್ಯಾಹ್ನ 12ಕ್ಕೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಗ್ರಾಹಕರ ಲೆಕ್ಕ ಮತ್ತು ಕೆಲಸದ ದಾಖಲೆಗಳಿರುವ 40 ಜಿಬಿಯ ಎಲ್‌ವಿಎಂ ವಾಲ್ಯೂಮ್‌ಗೆ (ಡಿಸ್ಕ್‌ನ ಒಂದು ತಾರ್ಕಿಕ ಭಾಗ) ಅದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿರ ಪ್ರತಿ) ತೆಗೆದು, ಅದನ್ನು ಬ್ಲಾಕ್ ಬ್ಲಾಕ್ ಆಗಿ ನಕಲು ಮಾಡುವ ಡಿಡಿ ಆದೇಶದಿಂದ ಬ್ಯಾಕಪ್ ಡಿಸ್ಕ್‌ನಲ್ಲಿ ಒಂದೇ ಇಮೇಜ್ ಫೈಲ್ ಆಗಿ ಬರೆಯುತ್ತದೆ. ಬ್ಲಾಕ್ ಗಾತ್ರ 1 ಎಂಬಿ. ಇಷ್ಟು ದೊಡ್ಡ ಫೈಲ್ ಮೆಮೊರಿಯ ಕ್ಯಾಶ್ ಅನ್ನೆಲ್ಲ ನುಂಗಿ ಉಳಿದ ಕೆಲಸವನ್ನು ನಿಧಾನಗೊಳಿಸಬಾರದೆಂದು, ಬರೆಯುವ ಬದಿಗೆ ‘ಡೈರೆಕ್ಟ್’ ಎಂಬ ಆಯ್ಕೆಯನ್ನು ಹಾಕಿದ್ದೇನೆ. ಎರಡು ವಾರಗಳ ಇಮೇಜ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಸುಮಾರು ಒಂಬತ್ತಕ್ಕೆ ಸರ್ವರ್ ತಾನಾಗಿ ಮತ್ತೆ ಎದ್ದಿತು. 12ರ ಬ್ಯಾಕಪ್ ಯಾವ ದೂರೂ ಇಲ್ಲದೆ ಮುಗಿದಿದೆ. 42,94,96,72,960 ಬೈಟ್‌ಗಳನ್ನು 371 ಸೆಕೆಂಡುಗಳಲ್ಲಿ ನಕಲು ಮಾಡಿದ್ದಾಗಿ ಡಿಡಿ ಲಾಗ್‌ನಲ್ಲಿ ಬರೆದುಕೊಂಡಿದೆ. ಆದರೆ ಡಿಸ್ಕ್‌ನಲ್ಲಿರುವ ಫೈಲ್‌ನ ಗಾತ್ರ 10,48,576 ಬೈಟ್, ಅಂದರೆ ಸರಿಯಾಗಿ 1 ಎಂಬಿ. ಡಿಸ್ಕ್ ತುಂಬಿಲ್ಲ, ಸ್ಕ್ರಿಪ್ಟ್ ನವೆಂಬರ್ 26ರ ಇಮೇಜ್ ಅನ್ನು ಮೊದಲೇ ಅಳಿಸಿರುವುದರಿಂದ ಜಾಗ ಹೆಚ್ಚೇ ಆಗಿದೆ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ ಒಂದು ಕೆಂಪು ಸಾಲೂ ಇಲ್ಲ. ಉಳಿದಿರುವುದು ಡಿಸೆಂಬರ್ 3ರ ಇಮೇಜ್ ಒಂದೇ.

ಬೆಳಿಗ್ಗೆ 6:40ಕ್ಕೆ, ತಾನಾಗಿ ಅಪ್‌ಡೇಟ್ ಮಾಡುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಹೊಸ ಕರ್ನಲ್ ಹಾಕಿರುವುದು ಆಪ್ಟ್ (ಪ್ಯಾಕೇಜ್ ನಿರ್ವಾಹಕ) ಇತಿಹಾಸದ ಲಾಗ್‌ನಲ್ಲಿ ಕಾಣುತ್ತದೆ. ದೋಷ ಕರ್ನಲ್‌ನದ್ದೇ ಇರಬಹುದೇ? ಇದ್ದರೆ ಹಳೆಯದಕ್ಕೆ ಮರಳುವ ಸರಿಯಾದ ಕ್ರಮ ಯಾವುದು?

ಹಳೇ ಟರ್ಮಿನಲ್ | ಮಧ್ಯಾಹ್ನ 1:15

ಸರ್, ಮೊದಲು ಕ್ರಾನ್ (ಸ್ಕ್ರಿಪ್ಟ್ ಅನ್ನು ಹೊತ್ತಿಗೆ ಸರಿಯಾಗಿ ಓಡಿಸುವುದು) ನಿಲ್ಲಿಸಿ. ಡಿಸೆಂಬರ್ 3ರ ಇಮೇಜ್ ಇರುವ ಡಿಸ್ಕ್ ಅನ್ನು ಅನ್‌ಮೌಂಟ್ ಮಾಡಿ. ಉಳಿದದ್ದನ್ನು ಆಮೇಲೆ ನೋಡೋಣ.

ನಿಮ್ಮ ಅನುಮಾನ ಸರಿಯಾಗಿದೆ. ಡೆಬಿಯನ್ 12.3 ನಿನ್ನೆ, ಅಂದರೆ ಡಿಸೆಂಬರ್ 9ರಂದು, ಹೊರಬರಬೇಕಿತ್ತು. ಅದರಲ್ಲಿದ್ದ 6.1.64-1 ಕರ್ನಲ್ ಇಎಕ್ಸ್‌ಟಿ4ನಲ್ಲಿ ಡೇಟಾ ಕೆಡಿಸುತ್ತದೆ ಎಂದು ತಿಳಿದ ಕೂಡಲೇ ಡೆಬಿಯನ್ ಯೋಜನೆಯವರು ಅನುಸ್ಥಾಪನಾ ಇಮೇಜ್‌ಗಳ ಬಿಡುಗಡೆಯನ್ನು ತಡೆಹಿಡಿದು, ಸದ್ಯಕ್ಕೆ ಯಾರೂ ಅಪ್‌ಡೇಟ್ ಮಾಡಬೇಡಿ, ಸ್ವಯಂಚಾಲಿತ ಅಪ್‌ಗ್ರೇಡ್ ಇಟ್ಟುಕೊಂಡವರು ವಿಶೇಷವಾಗಿ ಎಚ್ಚರದಿಂದಿರಿ ಎಂದು ಪ್ರಕಟಣೆ ಹೊರಡಿಸಿದ್ದಾರೆ. ಆದರೆ ಪ್ಯಾಕೇಜ್‌ಗಳು ಅಷ್ಟರಲ್ಲಿ ಮಿರರ್‌ಗಳನ್ನು (ಅವುಗಳನ್ನು ಹಂಚುವ ಸರ್ವರ್‌ಗಳನ್ನು) ತಲುಪಿದ್ದವು. ನಿಮ್ಮ ಸರ್ವರ್ ಬೆಳಿಗ್ಗೆ ಎಳೆದುಕೊಂಡದ್ದು ಅದನ್ನೇ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಪ್ಯಾಕೇಜ್ ಡಿಸ್ಕ್‌ನಲ್ಲಿ ಕುಳಿತ ಮಾತ್ರಕ್ಕೆ ಏನೂ ಕೆಡುವುದಿಲ್ಲ, ರೀಬೂಟ್ ಆದ ಮೇಲೆಯೇ ಹೊಸ ಕರ್ನಲ್ ಓಡಲು ಶುರುವಾಗುವುದು. ಕರೆಂಟ್ ಹೋಗದಿದ್ದರೆ ಇವರ ಬ್ಯಾಕಪ್ ಇಂದು ಸರಿಯಾಗಿಯೇ ಆಗುತ್ತಿತ್ತು. ಹೊಸ ಕರ್ನಲ್ ಬಂದಿದ್ದು ಇನ್ನೂ ರೀಬೂಟ್ ಮಾಡದಿದ್ದವರು ಮಾಡಬೇಡಿ.

ರಾತ್ರಿ ಪಾಳಿ | ಮಧ್ಯಾಹ್ನ 1:32

ಕರ್ನಲ್ ಬದಲಾಯಿಸುವ ಮೊದಲು ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಂ ಪರೀಕ್ಷಿಸುವ ಆದೇಶ) ಓಡಿಸುವುದು ಒಳ್ಳೆಯದಲ್ಲವೇ? ಕರೆಂಟ್ ಹೋಗಿ ಯಂತ್ರ ದಿಢೀರನೆ ನಿಂತಿದೆ ಎಂದು ಅವರೇ ಹೇಳಿದ್ದಾರೆ. ಫೈಲ್‌ಸಿಸ್ಟಂ ಕೆಟ್ಟಿದ್ದರೆ ಮೊದಲು ಅದನ್ನು ರಿಪೇರಿ ಮಾಡಿ, ಆಮೇಲೆ ಹಳೆಯ ಕರ್ನಲ್‌ಗೆ ಹೋಗುವುದು ಕ್ಷೇಮ ಎಂದು ನನ್ನ ಅನಿಸಿಕೆ. ಅದಾಗದಿದ್ದರೆ ರೂಟ್ ವಾಲ್ಯೂಮ್‌ನ ಹಳೆಯ ಸ್ನ್ಯಾಪ್‌ಶಾಟ್‌ಗೆ ಇಡೀ ವ್ಯವಸ್ಥೆಯನ್ನೇ ಹಿಂದಿರುಗಿಸಬಹುದು.

ಹಳೇ ಟರ್ಮಿನಲ್ | ಮಧ್ಯಾಹ್ನ 1:50

ಎರಡನ್ನೂ ಒಪ್ಪಲಾರೆ, ಕಾರಣ ಹೇಳುತ್ತೇನೆ.

ಎಫ್‌ಎಸ್‌ಸಿಕೆ ನೋಡುವುದು ಮೆಟಾಡೇಟಾವನ್ನು, ಅಂದರೆ ಫೈಲ್‌ಗಳ ಬಗೆಗಿನ ಲೆಕ್ಕವನ್ನು, ಮಾತ್ರ. ಐನೋಡ್‌ಗಳು (ಪ್ರತಿ ಫೈಲ್‌ನ ದಾಖಲೆ) ಸರಿಯಿವೆಯೇ, ಒಂದೇ ಬ್ಲಾಕ್ ಎರಡು ಫೈಲ್‌ಗಳ ಲೆಕ್ಕದಲ್ಲಿದೆಯೇ, ಖಾಲಿ ಬ್ಲಾಕ್‌ಗಳ ಎಣಿಕೆ ತಾಳೆಯಾಗುತ್ತದೆಯೇ, ಹೀಗೆ. ಇಎಕ್ಸ್‌ಟಿ4ನ ಚೆಕ್‌ಸಮ್ (ಬರೆದದ್ದು ಕೆಟ್ಟಿದೆಯೇ ಎಂದು ತಿಳಿಸುವ ತಾಳೆಸಂಖ್ಯೆ) ಕೂಡ ಮೆಟಾಡೇಟಾಗೆ ಮಾತ್ರ ಇದೆ, ಫೈಲ್‌ನ ಒಳಗಿನ ಬೈಟ್‌ಗಳಿಗೆ ಇಲ್ಲ. ಇವರ 1 ಎಂಬಿ ಫೈಲ್ ಅನ್ನೇ ತೆಗೆದುಕೊಳ್ಳಿ. ಫೈಲ್‌ಸಿಸ್ಟಂನ ಲೆಕ್ಕದಲ್ಲಿ ಅದು 1 ಎಂಬಿ ಗಾತ್ರದ, 1 ಎಂಬಿ ಬ್ಲಾಕ್‌ಗಳಿರುವ, ಎಲ್ಲ ರೀತಿಯಿಂದಲೂ ಆರೋಗ್ಯವಾಗಿರುವ ಫೈಲ್. ಅಲ್ಲಿ 40 ಜಿಬಿ ಇರಬೇಕಿತ್ತು ಎಂಬುದು ಮುದ್ರಣಾಲಯದವರಿಗೆ ಗೊತ್ತು, ಫೈಲ್‌ಸಿಸ್ಟಂಗೆ ಗೊತ್ತಿಲ್ಲ. ಎಫ್‌ಎಸ್‌ಸಿಕೆ ‘ಕ್ಲೀನ್’ ಎಂದು ಹೇಳಿ ಮುಗಿಸುತ್ತದೆ, ನೀವು ನೆಮ್ಮದಿಯಿಂದ ಮಲಗುತ್ತೀರಿ. ನನಗೆ ಭಯ ಆ ನೆಮ್ಮದಿಯದೇ. ಇನ್ನು, ಅನುಮಾನವಿರುವ ಕರ್ನಲ್ ಓಡುತ್ತಿರುವಾಗಲೇ ರಿಪೇರಿಯ ಹೆಸರಿನಲ್ಲಿ ಡಿಸ್ಕ್‌ಗೆ ಬರೆಯುವುದು ಯಾವ ಸಂದರ್ಭದಲ್ಲೂ ತರವಲ್ಲ.

ಸ್ನ್ಯಾಪ್‌ಶಾಟ್ ವಿಷಯ ಇನ್ನೂ ಅಪಾಯದ್ದು. ರೂಟ್ ವಾಲ್ಯೂಮ್ ಹಿಂದಕ್ಕೆ ಹೋದರೆ ಲಾಗ್‌ಗಳು, ಸಂರಚನೆಗಳು, ಆ ವಾಲ್ಯೂಮ್‌ನಲ್ಲಿರುವ ಎಲ್ಲ ಬರಹವೂ ಹಿಂದಕ್ಕೆ ಹೋಗುತ್ತವೆ. ಕೆಟ್ಟಿರುವುದು ಕರ್ನಲ್ ಎಂಬ ಒಂದು ಪ್ಯಾಕೇಜ್. ಅದರ ಹಳೆಯ ಆವೃತ್ತಿ ಬೂಟ್ ಡೈರೆಕ್ಟರಿಯಲ್ಲಿ ಇನ್ನೂ ಕುಳಿತಿರುವಾಗ ಮನೆಯನ್ನೇ ಕೆಡವಿ ಕಟ್ಟುವುದೇಕೆ?

ಮುದ್ರಣಾಲಯ | ಮಧ್ಯಾಹ್ನ 2:10

ಕ್ರಾನ್ ನಿಲ್ಲಿಸಿ ಡಿಸ್ಕ್ ಅನ್‌ಮೌಂಟ್ ಮಾಡಿದೆ. ಆದರೆ ಒಂದು ಗೊಂದಲವಿದೆ. ಓಡುತ್ತಿರುವ ಕರ್ನಲ್ ಯಾವುದೆಂದು ತೋರಿಸುವ ಯುನೇಮ್ ಆದೇಶಕ್ಕೆ ಆರ್ ಆಯ್ಕೆ ಕೊಟ್ಟರೆ 6.1.0-14-ಎಎಂಡಿ64 ಎಂದು ತೋರಿಸುತ್ತದೆ. 6.1.64 ಎಲ್ಲಿಯೂ ಕಾಣಲಿಲ್ಲ. ನನ್ನದು 6.1.0 ಆಗಿದ್ದರೆ ಈ ದೋಷ ನನಗೆ ಅನ್ವಯಿಸುವುದಿಲ್ಲವೇನೋ?

ಇನ್ನೊಂದು ತೊಂದರೆಯೆಂದರೆ, ನಾನೀಗ ಮನೆಯಲ್ಲಿದ್ದೇನೆ. ಸರ್ವರ್‌ಗೆ ಮಾನಿಟರ್ ಇಲ್ಲ, ಇರುವುದು ದೂರದಿಂದ ಆದೇಶ ಕೊಡುವ ಎಸ್‌ಎಸ್‌ಎಚ್ ಮಾತ್ರ. ಯಂತ್ರ ಏಳುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಲ್ಲಿ ಬಾಣದ ಕೀಲಿ ಒತ್ತಿ ಹಳೆಯದನ್ನು ಆರಿಸಿ ಎಂದು ಎಲ್ಲ ಕಡೆ ಬರೆದಿದ್ದಾರೆ; ನನಗೆ ಆ ಮೆನು ಕಾಣುವುದೇ ಇಲ್ಲ.

ಬೂಟ್ ಮೆನು | ಮಧ್ಯಾಹ್ನ 2:40

ಯುನೇಮ್ ಬಗ್ಗೆ ಮೊದಲು. 6.1.0-14 ಎಂಬುದು ಡೆಬಿಯನ್‌ನವರು ಎಬಿಐಗೆ (ಕರ್ನಲ್ ಮತ್ತು ಅದರ ಮಾಡ್ಯೂಲ್‌ಗಳ ಹೊಂದಾಣಿಕೆಗೆ) ಕೊಟ್ಟುಕೊಂಡ ಹೆಸರು. ಮೂಲ ಕರ್ನಲ್‌ನ ಆವೃತ್ತಿ ಅದರಲ್ಲಿ ಕಾಣುವುದಿಲ್ಲ. ಆರ್ ಬದಲು ವಿ ಆಯ್ಕೆ ಕೊಟ್ಟು ನೋಡಿ, ಸಾಲಿನ ಕೊನೆಯಲ್ಲಿ ಡೆಬಿಯನ್ 6.1.64-1 ಎಂದು ಬರುತ್ತದೆ. ನಿಮ್ಮ ಯಂತ್ರದಲ್ಲಿ ಇದಕ್ಕೂ ಹಿಂದೆ ಇದ್ದದ್ದು 6.1.0-13, ಅಂದರೆ 6.1.55-1. ಅದು ಈ ದೋಷಕ್ಕೆ ಹೊರತು. ಅದು ಅಳಿಸಿಹೋಗಿರುವ ಭಯವೂ ಬೇಡ. ಆಟೋರಿಮೂವ್ ಮಾಡಿದ್ದರೂ ಆಪ್ಟ್ ಓಡುತ್ತಿರುವ ಕರ್ನಲ್ ಅನ್ನೂ ಅತಿ ಹೊಸದಾದ ಎರಡನ್ನೂ ಉಳಿಸಿಕೊಳ್ಳುತ್ತದೆ. ಯಾರಾದರೂ ಕೈಯಾರೆ ತೆಗೆದುಹಾಕಿದ್ದರೆ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸಂಗ್ರಹದಲ್ಲಿ ಹಳೆಯ ಪ್ಯಾಕೇಜ್‌ಗಳೆಲ್ಲ ಸಿಗುತ್ತವೆ. ಇಳಿಸಿಕೊಂಡು ಡಿಪಿಕೆಜಿಯಿಂದ ಹಾಕಬಹುದು.

ಈಗ ಮಾನಿಟರ್ ಇಲ್ಲದೆ ಮರಳುವ ಬಗೆ. ಇಟಿಸಿ ಡೈರೆಕ್ಟರಿಯ ಒಳಗೆ ಡಿಫಾಲ್ಟ್ ಎಂಬಲ್ಲಿ ಗ್ರಬ್ ಎಂಬ ಫೈಲ್ ಇದೆ. ಅದರಲ್ಲಿ ಗ್ರಬ್-ಡಿಫಾಲ್ಟ್ ಎಂಬುದರ ಎದುರು 0 ಇರುತ್ತದೆ. ಅದನ್ನು ‘ಸೇವ್ಡ್’ ಎಂದು ಬದಲಿಸಿ ಅಪ್‌ಡೇಟ್-ಗ್ರಬ್ ಓಡಿಸಿ. ಆಮೇಲೆ ಗ್ರಬ್-ರೀಬೂಟ್ ಆದೇಶಕ್ಕೆ "1>2" ಎಂದು ಕೊಟ್ಟು ಯಂತ್ರವನ್ನು ರೀಬೂಟ್ ಮಾಡಿ.

ಈ 1 ಮತ್ತು 2 ಎಲ್ಲಿಂದ ಬಂದವು ಎಂದು ತಿಳಿಯದೆ ನಕಲು ಮಾಡಬೇಡಿ. ಗ್ರಬ್ ಸೊನ್ನೆಯಿಂದ ಎಣಿಸುತ್ತದೆ. ಮುಖ್ಯ ಮೆನುವಿನಲ್ಲಿ 0 ಡೆಬಿಯನ್, 1 ಸುಧಾರಿತ ಆಯ್ಕೆಗಳ ಉಪಮೆನು. ಆ ಉಪಮೆನುವಿನ ಒಳಗೆ 0 ಎಂದರೆ 14ನೆಯ ಕರ್ನಲ್, 1 ಎಂದರೆ ಅದರದೇ ರಿಕವರಿ ಮೋಡ್, 2 ಎಂದರೆ 13ನೆಯದು. ನಿಮ್ಮ ಬಳಿ ಬೇರೆ ಕರ್ನಲ್‌ಗಳೂ ಇದ್ದರೆ ಎಣಿಕೆ ಬದಲಾಗುತ್ತದೆ, ಬೂಟ್ ಡೈರೆಕ್ಟರಿಯ ಗ್ರಬ್ ಸಂರಚನಾ ಫೈಲ್ ತೆರೆದು ಮೆನುವಿನ ಸಾಲುಗಳನ್ನು ನೀವೇ ಎಣಿಸಿಕೊಳ್ಳಿ. ಉದ್ಧರಣ ಚಿಹ್ನೆಯನ್ನಂತೂ ಬಿಡಲೇಬೇಡಿ. ಬಿಟ್ಟರೆ ಶೆಲ್ ಆ ಬಾಣವನ್ನು ತನಗೆ ಹೇಳಿದ್ದೆಂದು ತಿಳಿದು, ನೀವು ಕುಳಿತ ಡೈರೆಕ್ಟರಿಯಲ್ಲಿ 2 ಎಂಬ ಹೆಸರಿನ ಒಂದು ಖಾಲಿ ಫೈಲ್ ಸೃಷ್ಟಿಸುತ್ತದೆ, ಗ್ರಬ್‌ಗೆ ಏನೂ ತಲುಪುವುದಿಲ್ಲ. ನನ್ನ ಹಳೆಯ ಸರ್ವರ್ ಒಂದರ ರೂಟ್ ಹೋಂ ಡೈರೆಕ್ಟರಿಯಲ್ಲಿ ಅಂಥ ಒಂದು ಫೈಲ್ ಇಂದಿಗೂ ಇದೆ.

ಗ್ರಬ್-ರೀಬೂಟ್ ಒಂದು ಸಲಕ್ಕೆ ಮಾತ್ರ. ಹಳೆಯ ಕರ್ನಲ್ ಏಳದೆ ಹೋದರೆ, ಯಾರಾದರೂ ಹೋಗಿ ಸ್ವಿಚ್ ಆರಿಸಿ ಹಾಕಿದರೂ ಸಾಕು, ಮುಂದಿನ ಸಲ ಮೊದಲಿನದೇ ಬರುತ್ತದೆ. ದೂರದಿಂದ ಮಾಡುವವರಿಗೆ ಇದೇ ಆಸರೆ. ಆದರೆ ಬೂಟ್ ಡೈರೆಕ್ಟರಿ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಯ್ಡ್ ಮೇಲಿದ್ದರೆ ಗ್ರಬ್ ತನ್ನ ಪರಿಸರ ಫೈಲ್‌ಗೆ ಬರೆಯಲಾರದು, ಆಗ ‘ಒಂದು ಸಲ’ ಎಂಬುದು ಪ್ರತಿಸಲವೂ ಆಗಿಬಿಡುತ್ತದೆ. ನಿಮ್ಮದು ಪ್ರತ್ಯೇಕ ಪಾರ್ಟಿಷನ್ ಆಗಿದ್ದರೆ ಚಿಂತೆಯಿಲ್ಲ.

ಮುದ್ರಣಾಲಯ | ಮಧ್ಯಾಹ್ನ 3:25

ಬೂಟ್ ಪ್ರತ್ಯೇಕ ಪಾರ್ಟಿಷನ್‌ನಲ್ಲೇ ಇದೆ. ಹೇಳಿದಂತೆ ಮಾಡಿದೆ. ಪಿಂಗ್‌ಗೆ ಉತ್ತರ ಬರುವವರೆಗಿನ ಎರಡು ನಿಮಿಷ ಬಹಳ ದೀರ್ಘವಾಗಿದ್ದವು. ಈಗ ವಿ ಆಯ್ಕೆಯಲ್ಲಿ 6.1.55-1 ಎಂದು ಕಾಣುತ್ತಿದೆ. 3ರ ಇಮೇಜ್ ಅನ್ನು ಬೇರೊಂದು ಯುಎಸ್‌ಬಿ ಡಿಸ್ಕ್‌ಗೂ ನಕಲು ಮಾಡಿ ಎಂದು ಕಚೇರಿಯಲ್ಲಿರುವ ಹುಡುಗನಿಗೆ ಫೋನ್‌ನಲ್ಲಿ ಹೇಳಿದ್ದೇನೆ.

ಮತ್ತೆ ಕರೆಂಟ್ ಹೋದರೆ ಅದೇ 14 ಮೇಲೇಳುತ್ತದಲ್ಲ ಎಂದು ಅದರ ಪ್ಯಾಕೇಜ್ ತೆಗೆದುಹಾಕಲು ಹೊರಟೆ. ಲಿನಕ್ಸ್-ಇಮೇಜ್-ಎಎಂಡಿ64 ಎಂಬ ಇನ್ನೊಂದು ಪ್ಯಾಕೇಜ್ ಕೂಡ ಜೊತೆಗೆ ಹೋಗುತ್ತದೆ ಎಂದು ಆಪ್ಟ್ ಹೇಳುತ್ತಿದೆ. ಒಪ್ಪಬಹುದೇ?

ಬೂಟ್ ಮೆನು | ಮಧ್ಯಾಹ್ನ 3:40

ಒಪ್ಪುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಅದು ಮೆಟಾಪ್ಯಾಕೇಜ್. ಅದರೊಳಗೆ ಕರ್ನಲ್ ಇಲ್ಲ. ಸದ್ಯದ ಹೊಸ ಕರ್ನಲ್ ಯಾವುದೋ ಅದು ನನಗೆ ಬೇಕು ಎಂದು ಹೇಳುವುದಷ್ಟೇ ಅದರ ಕೆಲಸ. ಇಂದು ಅದು ಬೆರಳು ತೋರಿಸುತ್ತಿರುವುದು 14ರ ಕಡೆಗೆ, ಆದ್ದರಿಂದ 14 ಹೋದರೆ ಅದೂ ಹೋಗುತ್ತದೆ. ಇಂದಿನ ಮಟ್ಟಿಗೆ ತೊಂದರೆಯಿಲ್ಲ. ಆದರೆ ಆಮೇಲೆ ಮರೆತರೆ, ಈ ಸರ್ವರ್‌ಗೆ ಮುಂದೆಂದೂ ಹೊಸ ಕರ್ನಲ್ ಬರುವುದಿಲ್ಲ. ಆಪ್ಟ್ ಪ್ರತಿದಿನವೂ ಎಲ್ಲವೂ ನವೀಕೃತವಾಗಿದೆ ಎಂದೇ ಹೇಳುತ್ತದೆ, ನೀವು ಭದ್ರತಾ ತೇಪೆಗಳಿಲ್ಲದೆ ವರ್ಷಗಟ್ಟಲೆ 6.1.55ರಲ್ಲೇ ಉಳಿಯುತ್ತೀರಿ. ಹಿಂದೊಮ್ಮೆ ಹೀಗೆ ‘ತಾತ್ಕಾಲಿಕವಾಗಿ’ ಹಿಂದಕ್ಕೆ ಹೋಗಿ ಅಲ್ಲೇ ನೆಲೆಸಿದ ಯಂತ್ರಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಆದ್ದರಿಂದ 14 ಇರಲಿ ಬಿಡಿ. ಗ್ರಬ್-ಸೆಟ್-ಡಿಫಾಲ್ಟ್ ಆದೇಶದಿಂದ ಅದೇ "1>2" ಅನ್ನು ಸ್ಥಿರಗೊಳಿಸಿ. ಮೆಟಾಪ್ಯಾಕೇಜ್ ಅನ್ನು ಆಪ್ಟ್-ಮಾರ್ಕ್ ಮೂಲಕ ಹೋಲ್ಡ್‌ನಲ್ಲಿಡಿ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಕೂಡ ಹೋಲ್ಡ್ ಅನ್ನು ಗೌರವಿಸುತ್ತದೆ. ಸರಿಪಡಿಸಿದ ಕರ್ನಲ್ ಬಂದ ದಿನ ಹೋಲ್ಡ್ ತೆಗೆದು, ಗ್ರಬ್-ಡಿಫಾಲ್ಟ್ ಅನ್ನು ಮತ್ತೆ 0 ಮಾಡಬೇಕು. ಆ 0 ಮಾಡುವುದನ್ನು ಮರೆಯಬೇಡಿ, ಏಕೆಂದರೆ ಹೊಸ ಕರ್ನಲ್ ಮೆನುವಿನ ಮೇಲೆ ಬಂದು ಕುಳಿತ ಕ್ಷಣ "1>2" ತೋರಿಸುವುದು 13ನ್ನಲ್ಲ, ಈ ಕೆಟ್ಟ 14ನ್ನು.

ಪ್ಯಾಚ್ ಓದುಗ | ಸಂಜೆ 5:05

ಈ ದೋಷ ಹುಟ್ಟಿದ ಬಗೆಯನ್ನು ಹೇಳಿದರೆ ಮುದ್ರಣಾಲಯದವರ 1 ಎಂಬಿ ಎಲ್ಲಿಂದ ಬಂತೆಂಬುದು ತಾನಾಗಿ ತಿಳಿಯುತ್ತದೆ.

ಡಿಡಿ ಫೈಲ್‌ಗೆ ಬರೆಯುವಾಗ ‘ಇಷ್ಟನೆಯ ಬೈಟ್‌ನಲ್ಲಿ ಬರೆ’ ಎಂದು ಹೇಳುವುದಿಲ್ಲ, ‘ಬರೆ’ ಎಂದಷ್ಟೇ ಹೇಳುತ್ತದೆ. ಎಲ್ಲಿಯವರೆಗೆ ಬರೆದಾಗಿದೆ ಎಂಬ ಸ್ಥಾನವನ್ನು ನೆನಪಿಟ್ಟುಕೊಂಡು ಪ್ರತಿ ಬರಹದ ನಂತರ ಮುಂದಕ್ಕೆ ಸರಿಸುವುದು ಕರ್ನಲ್‌ನ ಹೊಣೆ. ಪುಸ್ತಕದಲ್ಲಿ ಬೆರಳಿಟ್ಟು ಓದುವ ಮಗುವಿನಂತೆ. 6.1.64ರಲ್ಲಿ ಡೈರೆಕ್ಟ್ ಬರಹದ ನಂತರ ಆ ಬೆರಳು ಸರಿಯುವುದಿಲ್ಲ. ಮೊದಲ 1 ಎಂಬಿ ಸೊನ್ನೆಯ ಸ್ಥಾನದಲ್ಲಿ ಬಿತ್ತು. ಎರಡನೆಯದೂ ಸೊನ್ನೆಯಲ್ಲೇ, ಮೊದಲನೆಯದರ ಮೇಲೆ. ಹೀಗೆ 40,960 ಸಲ ಬರೆದರೂ ಪ್ರತಿ ಸಲವೂ ‘1 ಎಂಬಿ ಬರೆಯಲಾಯಿತು’ ಎಂಬ ಉತ್ತರವೇ ಡಿಡಿಗೆ ಸಿಕ್ಕಿತು. ಅದು ಸುಳ್ಳೂ ಅಲ್ಲ. ಅದಕ್ಕೇ ಲಾಗ್‌ನಲ್ಲಿ 40 ಜಿಬಿ, ಡಿಸ್ಕ್‌ನಲ್ಲಿ 1 ಎಂಬಿ. ನಿಮ್ಮ ಫೈಲ್‌ನಲ್ಲಿ ಈಗ ಇರುವುದು ವಾಲ್ಯೂಮ್‌ನ ಮೊದಲ ಎಂಬಿಯಲ್ಲ, ಕೊನೆಯದು.

ಇದು ಹೇಗಾಯಿತು? ಮುಖ್ಯ ಕರ್ನಲ್‌ನಲ್ಲಿ ಇಎಕ್ಸ್‌ಟಿ4ಗೆ ಒಂದು ತಿದ್ದುಪಡಿ ಬಂತು. ಸಿಂಕ್ ಬೇಡಿಕೆಯೊಂದಿಗೆ ಮಾಡಿದ ಡೈರೆಕ್ಟ್ ಬರಹದ ನಂತರ ಫೈಲ್‌ನ ಹೊಸ ಗಾತ್ರವೂ ಡಿಸ್ಕ್‌ಗೆ ಸರಿಯಾಗಿ ಸೇರಬೇಕು ಎಂಬುದು ಅದರ ಉದ್ದೇಶ, ಅಂದರೆ ಡೇಟಾ ಉಳಿಸುವುದಕ್ಕೇ ಬಂದ ತಿದ್ದುಪಡಿ. ಅದರ ಪ್ರಕಾರ, ಬರಹ ಮುಗಿದಾಗ ಇಎಕ್ಸ್‌ಟಿ4ನ ಕೊನೆಯ ಹಂತದ ಕಾರ್ಯ ಯಶಸ್ಸಿಗೆ ಸೊನ್ನೆಯ ಬದಲು ಬರೆದ ಬೈಟ್‌ಗಳ ಸಂಖ್ಯೆಯನ್ನು ಹಿಂತಿರುಗಿಸತೊಡಗಿತು. ಐಓಮ್ಯಾಪ್ ಎಂಬ ಸಾಮಾನ್ಯ ಪದರ ಆ ಉತ್ತರವನ್ನು ನೋಡಿ ಸ್ಥಾನ ಸರಿಸಬೇಕೇ ಎಂದು ನಿರ್ಧರಿಸುತ್ತದೆ. 6.5ರಿಂದ ಈಚೆಗೆ ಐಓಮ್ಯಾಪ್ ಉತ್ತರ ಋಣಸಂಖ್ಯೆಯಾಗಿದ್ದರೆ ಮಾತ್ರ ಸ್ಥಾನವನ್ನು ಸರಿಸದೆ ಬಿಡುತ್ತದೆ. ಅದಕ್ಕಿಂತ ಹಳೆಯ ಐಓಮ್ಯಾಪ್ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಸರಿಸುತ್ತಿರಲಿಲ್ಲ. 6.1 ಸರಣಿಗೆ ಇಎಕ್ಸ್‌ಟಿ4ನ ತಿದ್ದುಪಡಿಯನ್ನು ತಂದರು, ಅದು ಆತುಕೊಂಡಿದ್ದ ಐಓಮ್ಯಾಪ್ ಬದಲಾವಣೆಯನ್ನು ತರಲಿಲ್ಲ. ಎರಡೂ ಪ್ಯಾಚ್‌ಗಳು ತಮ್ಮಷ್ಟಕ್ಕೆ ಸರಿ. ಒಂದನ್ನು ಬಿಟ್ಟು ಇನ್ನೊಂದು ಬಂದದ್ದೇ ಕೇಡಾಯಿತು.

ಸಿಕ್ಕಿಬಿದ್ದದ್ದು ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್‌ನ ಪಿರೀಡ್‌ವಿ03 ಎಂಬ ಪರೀಕ್ಷೆಯಲ್ಲಿ. ಅದು 5.15 ಸರಣಿಯಲ್ಲಿ ವಿಫಲವಾದದ್ದನ್ನು ಬೆನ್ನುಹತ್ತಿ, ಕರ್ನಲ್‌ನ ಫೈಲ್‌ಸಿಸ್ಟಂ ಅಭಿವೃದ್ಧಿಗಾರ ಯಾನ್ ಕಾರಾ ಕಾರಣ ಕಂಡುಹಿಡಿದರು. 6.5ಕ್ಕಿಂತ ಹಳೆಯ ಎಲ್ಲ ಸ್ಥಿರ ಸರಣಿಗಳಿಂದ ಈ ತಿದ್ದುಪಡಿಯನ್ನು ಕೂಡಲೇ ತೆಗೆಯಿರಿ, ಸರಿಯಾಗಿ ತರುವುದನ್ನು ಆಮೇಲೆ ಯೋಚಿಸೋಣ ಎಂದು ಸ್ಥಿರ ಸರಣಿಯ ನಿರ್ವಾಹಕ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರನ್ನು ಕೇಳಿಕೊಂಡರು. 6.1.64 ಮತ್ತು 6.1.65 ದೋಷವುಳ್ಳವು, 6.1.66ರಲ್ಲಿ ಸರಿಯಾಗಿದೆ.

ರಾತ್ರಿ ಪಾಳಿ | ಸಂಜೆ 5:40

ಎಫ್‌ಎಸ್‌ಸಿಕೆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹಾಗಿದ್ದರೆ ಡೇಟಾಗೂ ಚೆಕ್‌ಸಮ್ ಇಡುವ ಜಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್‌ಗೆ ಹೋಗುವುದು ಶಾಶ್ವತ ಪರಿಹಾರವಲ್ಲವೇ?

ಪ್ಯಾಚ್ ಓದುಗ | ಸಂಜೆ 6:00

ಇಂಥ ದೋಷಕ್ಕೆ ಚೆಕ್‌ಸಮ್ ಕಾವಲಾಗದು. ತಪ್ಪು ಜಾಗಕ್ಕೆ ಬಂದ ಡೇಟಾಗೂ ಫೈಲ್‌ಸಿಸ್ಟಂ ಸರಿಯಾದ ಚೆಕ್‌ಸಮ್ಮನ್ನೇ ಬರೆದಿಡುತ್ತದೆ, ಓದುವಾಗ ಅದು ತಾಳೆಯೂ ಆಗುತ್ತದೆ. ಚೆಕ್‌ಸಮ್ ಹಿಡಿಯುವುದು ಡಿಸ್ಕ್ ಮಾಡುವ ತಪ್ಪನ್ನು.

ಜಡ್‌ಎಫ್‌ಎಸ್ ಹೆಸರೆತ್ತಲು ಈ ತಿಂಗಳು ಒಳ್ಳೆಯ ಗಳಿಗೆಯೂ ಅಲ್ಲ. ಫೈಲ್‌ನ ನಡುವೆ ಸೊನ್ನೆಗಳನ್ನು ಓದಿಸುವ ದೋಷಕ್ಕಾಗಿ ಓಪನ್‌ಜಡ್‌ಎಫ್‌ಎಸ್‌ನವರು ನವೆಂಬರ್ 30ರಂದಷ್ಟೇ 2.2.2 ಮತ್ತು 2.1.14 ಬಿಡುಗಡೆ ಮಾಡಿದ್ದಾರೆ. ಈ ವರ್ಷವೇ ಎಕ್ಸ್‌ಎಫ್‌ಎಸ್ ಬಳಸುವವರು 6.3 ಸರಣಿಯಲ್ಲಿ ಮೆಟಾಡೇಟಾ ಕೆಡುವುದನ್ನು ಕಂಡು 6.3.5ರವರೆಗೆ ಕಾಯಬೇಕಾಯಿತು. 2018ರ ಕೊನೆಯಲ್ಲಿ 4.19ರಲ್ಲಿ ಎಲ್ಲರೂ ಇಎಕ್ಸ್‌ಟಿ4 ಅನ್ನೇ ದೂರಿದರು, ಕೊನೆಗೆ ತಪ್ಪು ಸಿಕ್ಕಿದ್ದು ಅದರ ಕೆಳಗಿನ ಬ್ಲಾಕ್ ಪದರದಲ್ಲಿ. ಊರು ಬದಲಿಸಿದರೂ ಮಳೆ ತಪ್ಪುವುದಿಲ್ಲ.

ಮುದ್ರಣಾಲಯ | ರಾತ್ರಿ 8:15

ವಿವರಣೆ ಓದಿದ ಮೇಲೆ ಹೊಸ ಭಯ ಶುರುವಾಗಿದೆ. ಇದೇ ಸರ್ವರ್‌ನಲ್ಲಿ ಮರಿಯಾಡಿಬಿ ಡೇಟಾಬೇಸ್ ಇದೆ. ಅದೂ ಡೈರೆಕ್ಟ್ ಬರಹವನ್ನೇ ಬಳಸುತ್ತದೆ ಎಂದು ಅದರ ಸಂರಚನೆ ಹೇಳುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮೂರು ಗಂಟೆಯವರೆಗೆ ಅದು 14ರ ಮೇಲೆ ಓಡಿದೆ. ಭಾನುವಾರವಾದರೂ ಇಬ್ಬರು ಮದುವೆ ಕರೆಯೋಲೆಯ ಬಿಲ್‌ಗಳನ್ನು ನಮೂದಿಸಿದ್ದಾರೆ. ಹಳೆಯ ಕರ್ನಲ್‌ಗೆ ಮರಳಿದ್ದರಿಂದ ಅವು ಸರಿಯಾದವೇ?

ಹಳೇ ಟರ್ಮಿನಲ್ | ರಾತ್ರಿ 8:45

ಸರ್, ಕರ್ನಲ್ ಹಿಂದಕ್ಕೆ ಹೋದರೆ ಇನ್ನು ಮುಂದಿನ ಬರಹ ಸರಿಯಾಗುತ್ತದೆ ಅಷ್ಟೇ. ಆ ಆರು ಗಂಟೆಗಳಲ್ಲಿ ಡಿಸ್ಕ್ ಮೇಲೆ ಏನು ಬಿದ್ದಿದೆಯೋ ಅದು ಹಾಗೆಯೇ ಇದೆ. ಆ ಅವಧಿಯನ್ನು ಪ್ರತ್ಯೇಕವಾಗಿಯೇ ತನಿಖೆ ಮಾಡಬೇಕು.

ಆದರೆ ಮರಿಯಾಡಿಬಿ ಮಟ್ಟಿಗೆ ನಾನು ಆಶಾವಾದಿ. ಅದರ ಸಂಗ್ರಹ ಎಂಜಿನ್ ಆದ ಇನ್ನೋಡಿಬಿ ತನ್ನ ಪುಟಗಳನ್ನು ಬರೆಯುವಾಗ ಪ್ರತಿ ಸಲವೂ ಸ್ಥಾನವನ್ನು ತಾನೇ ಹೇಳುತ್ತದೆ. ಪಿರೈಟ್ ಎಂಬ ಕರೆ ಇರುವುದೇ ಅದಕ್ಕಾಗಿ. ಸರಿಯದ ಬೆರಳನ್ನು ಅದು ನೆಚ್ಚಿಕೊಂಡೇ ಇಲ್ಲ. ಕ್ಯಾಶ್ ಮೂಲಕ ಹೋಗುವ ಸಾಮಾನ್ಯ ಬರಹಗಳಿಗೂ ಈ ದೋಷ ತಟ್ಟುವುದಿಲ್ಲ, ಆದ್ದರಿಂದ ಪುಟವಿನ್ಯಾಸದ ಫೈಲ್‌ಗಳು, ಪಿಡಿಎಫ್‌ಗಳು, ಸಾಂಬಾ (ಜಾಲದಲ್ಲಿ ಫೈಲ್ ಹಂಚುವ ತಂತ್ರಾಂಶ) ಮೂಲಕ ಬಂದವು ಇವುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೈರೆಕ್ಟ್ ಆಗಿಯೂ ಇರಬೇಕು, ಸ್ಥಾನವನ್ನು ಕರ್ನಲ್‌ಗೆ ಬಿಟ್ಟೂ ಇರಬೇಕು. ಎರಡೂ ಕೂಡಿದ ಕಡೆ ಮಾತ್ರ ಪೆಟ್ಟು ಬೀಳುತ್ತದೆ. ನಿಮ್ಮ ಡಿಡಿ ಸಾಲಿನಲ್ಲಿ ಎರಡೂ ಕೂಡಿದ್ದವು.

ಆದರೂ ನಂಬಿಕೆಯ ಮೇಲೆ ಬಿಡಬೇಡಿ. ಎಲ್ಲ ಟೇಬಲ್‌ಗಳ ಮೇಲೆ ಚೆಕ್ ಟೇಬಲ್ ಓಡಿಸಿ. ಇನ್ನೋಡಿಬಿ ಪ್ರತಿ ಪುಟಕ್ಕೂ ಚೆಕ್‌ಸಮ್ ಇಟ್ಟಿರುವುದರಿಂದ ಹರಿದ ಪುಟವಿದ್ದರೆ ಕೂಗುತ್ತದೆ. ಲಾಸ್ಟ್ ರೀಬೂಟ್ ಆದೇಶ ಯಾವ ಕರ್ನಲ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಓಡಿತೆಂದು ತೋರಿಸುತ್ತದೆ. ಆ ಎರಡು ಗಳಿಗೆಗಳ ನಡುವೆ ಬದಲಾದ ಫೈಲ್‌ಗಳನ್ನು ಫೈಂಡ್ ಮೂಲಕ ಪಟ್ಟಿ ಮಾಡಿ. ಪಟ್ಟಿ ನೀವು ಹೆದರಿದಷ್ಟು ಉದ್ದವಿರಲಾರದು. ಇಂದಿನ ಬಿಲ್‌ಗಳನ್ನು ಕಾಗದದ ಪ್ರತಿಯೊಂದಿಗೆ ಕೈಯಾರೆ ತಾಳೆ ನೋಡಿ, ಮುದ್ರಣಾಲಯದಲ್ಲಿ ಕಾಗದಕ್ಕೆ ಬರವಿರಲಿಕ್ಕಿಲ್ಲ.

ಬೂಟ್ ಮೆನು | 11 ಡಿಸೆಂಬರ್, ಬೆಳಿಗ್ಗೆ 7:30

ಡೆಬಿಯನ್ 12.4 ನಿನ್ನೆ, ಡಿಸೆಂಬರ್ 10ರ ದಿನಾಂಕದಲ್ಲಿ, ಬಂದಿದೆ. 12.3 ಎಂಬುದನ್ನು ಕೈಬಿಟ್ಟಿದ್ದಾರೆ. ಕರ್ನಲ್ 6.1.66-1, ಪ್ಯಾಕೇಜ್ ಹೆಸರಿನಲ್ಲಿ 6.1.0-15. ಹಾಕಿಕೊಳ್ಳುವವರು ರೀಬೂಟ್‌ಗೆ ಮೊದಲು ಗ್ರಬ್-ಡಿಫಾಲ್ಟ್ ಬಗ್ಗೆ ನಾನು ಹೇಳಿದ್ದನ್ನು ಇನ್ನೊಮ್ಮೆ ಓದಿಕೊಳ್ಳಿ.

ಮಲೆನಾಡ ಲ್ಯಾಪ್‌ಟಾಪ್ | 16 ಡಿಸೆಂಬರ್, ರಾತ್ರಿ 9:20

ಈ ಎಳೆ ಓದಿ 15ಕ್ಕೆ ಹೋದವಳು ನಾನು. ಫೈಲ್‌ಗಳು ಸುರಕ್ಷಿತ, ವೈಫೈ ಮಾತ್ರ ಕೈಕೊಟ್ಟಿತು. ನೆಟ್‌ವರ್ಕ್ ಮ್ಯಾನೇಜರ್ ಅಲುಗಾಡದೆ ಕುಳಿತು, ಯಂತ್ರ ಆರಿಸಲೂ ಬಿಡಲಿಲ್ಲ. 6.1.66ರಲ್ಲಿ ಬಂದ ವೈಫೈ ತಿದ್ದುಪಡಿಯೊಂದು ಕಾರಣವಂತೆ, 6.1.67ರಲ್ಲಿ ಅದನ್ನು ಹಿಂತೆಗೆದಿದ್ದಾರೆ. ಡೆಬಿಯನ್‌ನಲ್ಲಿ ಅದು 6.1.0-16. ಕೇಬಲ್ ಸಿಕ್ಕಿಸಿ ಅದನ್ನು ಹಾಕಿಕೊಂಡ ಮೇಲೆ ಸರಿಹೋಯಿತು. ಸರ್ವರ್ ಇರುವವರಿಗೆ ಇದು ಬಾಧಿಸದು, ಲ್ಯಾಪ್‌ಟಾಪ್‌ನವರು ನೇರವಾಗಿ 16ಕ್ಕೆ ಹೋಗಿ.

ಮುದ್ರಣಾಲಯ | 17 ಡಿಸೆಂಬರ್, ಭಾನುವಾರ, ಮಧ್ಯಾಹ್ನ 1:05

ಚೆಕ್ ಟೇಬಲ್‌ನಲ್ಲಿ ಎಲ್ಲ ಟೇಬಲ್‌ಗಳೂ ಸರಿಯೆಂದು ಬಂದವು. ಆ ಆರು ಗಂಟೆಗಳಲ್ಲಿ ಬದಲಾದ ಫೈಲ್‌ಗಳು, ಲಾಗ್‌ಗಳನ್ನು ಬಿಟ್ಟರೆ, ಇಪ್ಪತ್ತಮೂರು. ಎಲ್ಲವನ್ನೂ ತೆರೆದು ನೋಡಿದೆ. ಹನ್ನೊಂದು ಬಿಲ್‌ಗಳನ್ನು ರಸೀದಿ ಪುಸ್ತಕದೊಂದಿಗೆ ತಾಳೆ ನೋಡಿದೆವು, ಒಂದರಲ್ಲಿ ತಪ್ಪಿತ್ತು, ಅದು ನಮೂದಿಸಿದವರದೇ.

ನಿನ್ನೆ ಹೋಲ್ಡ್ ತೆಗೆದು 16ಕ್ಕೆ ಬಂದೆ, ಗ್ರಬ್-ಡಿಫಾಲ್ಟ್ ಅನ್ನು 0 ಮಾಡಿದೆ, 14 ಅನ್ನು ತೆಗೆದುಹಾಕಿದೆ. ಈ ಸಲ ಮೆಟಾಪ್ಯಾಕೇಜ್ ಜೊತೆಗೆ ಹೋಗಲಿಲ್ಲ.

ಸ್ಕ್ರಿಪ್ಟ್ ಅನ್ನೂ ತಿದ್ದಿದ್ದೇನೆ. ಮೊದಲು ಅದು ಹಳೆಯ ಇಮೇಜ್ ಅಳಿಸಿ ಹೊಸದನ್ನು ಬರೆಯುತ್ತಿತ್ತು. ನನಗೆ ಗೊತ್ತಾಗದೆ ಇನ್ನೊಂದು ಭಾನುವಾರ ಕಳೆದಿದ್ದರೆ 3ರದ್ದೂ ಹೋಗಿರುತ್ತಿತ್ತು. ಈಗ ಹೊಸದನ್ನು ಬರೆದು, ಸ್ನ್ಯಾಪ್‌ಶಾಟ್ ಇನ್ನೂ ಇರುವಾಗಲೇ ಸಿಎಂಪಿ ಆದೇಶದಿಂದ ಎರಡನ್ನೂ ಬೈಟ್‌ಗೆ ಬೈಟ್ ಹೋಲಿಸಿ, ತಾಳೆಯಾದರೆ ಮಾತ್ರ ಹಳೆಯದನ್ನು ಅಳಿಸುತ್ತದೆ. ಆರು ನಿಮಿಷದ ಕೆಲಸ ಹದಿಮೂರು ನಿಮಿಷವಾಗಿದೆ. ಇಂದಿನ ಫೈಲ್ 42,94,96,72,960 ಬೈಟ್ ಇದೆ, ಸಿಎಂಪಿ ಏನೂ ಹೇಳದೆ ಮುಗಿಯಿತು.